ನೆಲಮಾಳಿಗೆಯ ಆಟಗಳೂ ಅವುಗಳ ಯಂತ್ರಗಳೂ: ಒಂದು ತೌಲನಿಕ ವಿವೇಚನೆ

ಶಿಲಾಶಾಸನವನ್ನಾಗಲಿ ಹಸ್ತಪ್ರತಿಯನ್ನಾಗಲಿ ಓದಲು ಕಣ್ಣೂ ಲಿಪಿಜ್ಞಾನವೂ ಭಾಷಾಜ್ಞಾನವೂ ಇದ್ದರೆ ಸಾಕು. ಕಂಪ್ಯೂಟರಿಗಾಗಿ ರಚಿತವಾದ ಕೃತಿಗೆ ಇಷ್ಟು ಸಾಲದು. ಅದನ್ನು ನಡೆಸಬಲ್ಲ ಯಂತ್ರವೂ ಬೇಕು. ಆ ಯಂತ್ರ ಬಳಕೆಯಿಂದ ಮರೆಯಾದರೆ ಕೃತಿಯು ಕೈಯಲ್ಲಿದ್ದೂ ಮೂಕವಾಗುತ್ತದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳ ಚರಿತ್ರೆಯನ್ನು ಬರೆಯುವವರು ಈ ತೊಡಕನ್ನು ಎದುರಿಸಲೇಬೇಕು. ಇದರ ಪರಿಶೀಲನೆಗೆ ನಾವು ಆಯ್ದುಕೊಂಡಿರುವ ಸಾಮಗ್ರಿ ಲಘುವೆಂದು ಕೆಲವರಿಗೆ ತೋರಬಹುದು. ಅದು ಅಮೆರಿಕದಲ್ಲಿ ಹುಟ್ಟಿದ ನೆಲಮಾಳಿಗೆಯ ಆಟಗಳ ಸಮೂಹ. ಆಟಗಾರನು ನೆಲದಡಿಯ ಕತ್ತಲೆಯ ಓಣಿಗಳಲ್ಲಿ ಸಂಚರಿಸಿ, ಎದುರಾದ ಭೂತಗಳೊಡನೆ ಹೋರಾಡಿ, ನಿಧಿಯನ್ನು ಅರಸುವುದು ಇವುಗಳ ಸಾಮಾನ್ಯ ಲಕ್ಷಣ. ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಕಾಗದ ಮತ್ತು ದಾಳಗಳ ಆಟ ಇವಕ್ಕೆ ಪ್ರೇರಣೆ. ಒಂದೇ ಕುಲದ ಈ ಆಟಗಳು ಭಿನ್ನಭಿನ್ನ ಯಂತ್ರಗಳಲ್ಲಿ ಬೆಳೆದುದರಿಂದ ಹೋಲಿಕೆಗೆ ಬಹಳ ಅನುಕೂಲವಾಗಿವೆ.

ಇವುಗಳಲ್ಲಿ ಪ್ರಾಚೀನವಾದವು ಇಲಿನಾಯ್ ವಿಶ್ವವಿದ್ಯಾನಿಲಯದ 'ಪ್ಲೇಟೋ' ಎಂಬ ಬೋಧನ ವ್ಯವಸ್ಥೆಯಲ್ಲಿ ೧೯೭೫ರ ಸುಮಾರಿಗೆ ಕಾಣಿಸಿಕೊಂಡವು. ರಸ್ಟಿ ರದರ್‌ಫರ್ಡ್ ರಚಿಸಿದ ಆಟಕ್ಕೆ 'ಪೆಡಿಟ್ ೫' ಎಂದು ಹೆಸರು. ಪಾಠಕ್ಕೆಂದು ಮೀಸಲಾಗಿದ್ದ ಕಡತದ ಹೆಸರೇ ಅದಕ್ಕೆ ಉಳಿದುಬಂದಿತು. ವ್ಯವಸ್ಥೆಯ ಮೇಲ್ವಿಚಾರಕರು ಅದನ್ನು ಅಳಿಸಿಹಾಕಿದರು. ಪ್ಲೇಟೋ ಆಟಗಳು ಉದ್ದಗಲಗಳೆರಡರಲ್ಲೂ ೫೧೨ ಬಿಂದುಗಳ ಪ್ಲಾಸ್ಮಾ ತೆರೆಯನ್ನೂ, 'ಟ್ಯೂಟರ್' ಎಂಬ ವಿಶಿಷ್ಟ ಭಾಷೆಯನ್ನೂ, ಕಂಟ್ರೋಲ್ ಡೇಟಾ ಸಂಸ್ಥೆಯ ಬೃಹದ್ಯಂತ್ರವನ್ನೂ ನೆಚ್ಚಿಕೊಂಡಿದ್ದವು. ಆದುದರಿಂದ ಮುಂದಿನ ಪೀಳಿಗೆಯವರು ಇವನ್ನು ಆಡಬೇಕಾದಾಗ ಆ ಬೃಹದ್ಯಂತ್ರದ ವರ್ತನೆಯನ್ನೇ ಹೊಸ ಕಂಪ್ಯೂಟರಿನಲ್ಲಿ ಅನುಕರಿಸಬೇಕಾಯಿತು. ಇಂತಹ ಅನುಕರಣ ತಂತ್ರಾಂಶಕ್ಕೆ ಎಮ್ಯುಲೇಟರ್ ಎಂದು ಹೆಸರು.

ಇದಕ್ಕೆ ವಿರುದ್ಧವಾದ ಮಾರ್ಗವನ್ನು 'ರೋಗ್' ಎಂಬ ಆಟದಲ್ಲಿ ಕಾಣುತ್ತೇವೆ. ೧೯೮೦ರ ಸುಮಾರಿಗೆ ಕ್ಯಾಲಿಫೋರ್ನಿಯದ ವಿಶ್ವವಿದ್ಯಾನಿಲಯಗಳಲ್ಲಿ ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್, ಕೆನ್ ಆರ್ನಾಲ್ಡ್ ಇವರು ಇದನ್ನು ಯುನಿಕ್ಸ್ ವ್ಯವಸ್ಥೆಯಲ್ಲಿ ಬೆಳೆಸಿದರು. ಅಂದು ಟರ್ಮಿನಲ್ಲುಗಳನ್ನು ತಯಾರಿಸುವ ಸಂಸ್ಥೆಗಳು ಅನೇಕವಾಗಿದ್ದು, ತೆರೆಯ ಮೇಲಿನ ಸೂಚಕವನ್ನು ಸರಿಸುವ ಸಂಕೇತ ಒಂದೊಂದರಲ್ಲಿ ಒಂದೊಂದು ಬಗೆಯಾಗಿತ್ತು. ಈ ಭೇದಗಳನ್ನೆಲ್ಲ 'ಟರ್ಮ್‌ಕ್ಯಾಪ್' ಎಂಬ ಪಟ್ಟಿಯಲ್ಲಿ ದಾಖಲಿಸಲಾಗಿತ್ತು. ಆರ್ನಾಲ್ಡ್ ರಚಿಸಿದ 'ಕರ್ಸಸ್' ಎಂಬ ಮಧ್ಯಸ್ಥ ತಂತ್ರಾಂಶವು ಆ ಪಟ್ಟಿಯನ್ನು ಓದಿ ಆಯಾ ಟರ್ಮಿನಲ್ಲಿಗೆ ತಕ್ಕ ಸಂಕೇತವನ್ನು ಕಳುಹಿಸುತ್ತಿತ್ತು. ಆಟವು ಯಂತ್ರದ ಹೆಸರನ್ನು ಕೇಳಬೇಕಾದ ಅಗತ್ಯವೇ ಇರಲಿಲ್ಲ. ಗೋಡೆಗೆ ಒಂದು ಗೆರೆ, ಭೂತಕ್ಕೆ ಒಂದು ಅಕ್ಷರ, ಆಟಗಾರನಿಗೆ ಒಂದು ಚಿಹ್ನೆ: ಇಷ್ಟೇ ಅದರ ಅಲಂಕಾರ. ಈ ಬಡತನವೇ ಅದಕ್ಕೆ ದೀರ್ಘಾಯುಷ್ಯವನ್ನು ತಂದಿತೆನ್ನಬಹುದು. ೧೯೮೩ರ ೪.೨ ಬಿಎಸ್‌ಡಿ ಯುನಿಕ್ಸ್‌ನೊಡನೆ ಅದು ದೂರದೂರದ ವಿದ್ಯಾಲಯಗಳನ್ನು ಮುಟ್ಟಿತು.

'ವಿಜರ್ಡ್ರಿ'ಯ ಕ್ರಮ ಇವೆರಡರ ನಡುವಣದು. ಆಂಡ್ರೂ ಗ್ರೀನ್‌ಬರ್ಗ್, ರಾಬರ್ಟ್ ವುಡ್‌ಹೆಡ್ ರಚಿಸಿದ ಈ ಆಟ ೧೯೮೧ರಲ್ಲಿ ಆಪಲ್ ೨ ಯಂತ್ರಕ್ಕಾಗಿ ಪ್ರಕಟವಾಯಿತು. ಅದರ ಭಾಷೆ ಪ್ಯಾಸ್ಕಲ್. ಅಲ್ಲಿ ಕ್ರಮವಿಧಿಯು ನೇರವಾಗಿ ಯಂತ್ರಸಂಕೇತವಾಗದೆ 'ಪಿ-ಕೋಡ್' ಎಂಬ ಮಧ್ಯಮ ಸಂಕೇತವಾಗುತ್ತಿತ್ತು. ಅದನ್ನು ಇನ್ನೊಂದು ತಂತ್ರಾಂಶ ಅರ್ಥಮಾಡಿಕೊಂಡು ನಡೆಸುತ್ತಿತ್ತು. ಕೇವಲ ೪೮ ಕಿಲೋಬೈಟ್ ಸ್ಮೃತಿಯ ಯಂತ್ರದಲ್ಲಿ ಆರು ಮಂದಿಯ ತಂಡವನ್ನು ಹತ್ತು ಅಂತಸ್ತುಗಳ ನೆಲಮಾಳಿಗೆಯಲ್ಲಿ ನಡೆಸಿದುದು ಸಾಮಾನ್ಯ ಸಾಧನೆಯಲ್ಲ. ಆದರೆ ಮಧ್ಯಮ ಸಂಕೇತವಿದ್ದ ಮಾತ್ರಕ್ಕೆ ಆಟವು ಎಲ್ಲ ಯಂತ್ರಗಳಿಗೂ ಒಡನೆಯೇ ಹರಡಲಿಲ್ಲ. ಐಬಿಎಂ ಪಿಸಿಗೆ ೧೯೮೪ರಲ್ಲಿಯೂ ಕಮೊಡೋರ್ ೬೪ಕ್ಕೆ ೧೯೮೭ರಲ್ಲಿಯೂ ಅದು ತಲುಪಿತು.

೧೯೮೭ರ ಕೊನೆಯಲ್ಲಿ ಎಫ್‌ಟಿಎಲ್ ಸಂಸ್ಥೆ ಅಟಾರಿ ಎಸ್‌ಟಿ ಯಂತ್ರಕ್ಕಾಗಿ ಹೊರತಂದ 'ಡಂಜನ್ ಮಾಸ್ಟರ್' ಯಂತ್ರದೊಡನೆ ಅತ್ಯಂತ ಗಾಢವಾಗಿ ಬೆಸೆದುಕೊಂಡ ಆಟ. ವರ್ಣಚಿತ್ರ, ಧ್ವನಿ, ಕ್ಷಣಕ್ಷಣಕ್ಕೂ ತಾನಾಗಿ ಸಾಗುವ ಕಾಲ ಇವುಗಳಿಂದ ಅದು ಹಿಂದಿನವುಗಳನ್ನು ಮೀರಿಸಿತು. ಅಟಾರಿ ಎಸ್‌ಟಿ ಮತ್ತು ಅಮಿಗ ಎರಡರಲ್ಲಿಯೂ ಇದ್ದುದು ಮೋಟೊರೊಲ ೬೮೦೦೦ ಎಂಬ ಒಂದೇ ಸಂಸ್ಕಾರಕ. ಹೀಗಿದ್ದರೂ ೧೯೮೮ರಲ್ಲಿ ಬಂದ ಅಮಿಗ ಆವೃತ್ತಿಗೆ ಒಂದು ಮೆಗಾಬೈಟ್ ಸ್ಮೃತಿ ಬೇಕಾಯಿತು. ಅಮಿಗ ೫೦೦ ಯಂತ್ರದೊಡನೆ ದೊರೆಯುತ್ತಿದ್ದುದು ಅದರ ಅರ್ಧ ಮಾತ್ರ. ಸಂಸ್ಕಾರಕ ಒಂದೇ ಆದರೆ ಹೊಂದಾಣಿಕೆ ಸಿದ್ಧವೆಂಬ ಗ್ರಹಿಕೆ ಸರಿಯಲ್ಲವೆಂಬುದಕ್ಕೆ ಇದು ನಿದರ್ಶನ. ಇದಲ್ಲದೆ ಕಳ್ಳಪ್ರತಿಗಳನ್ನು ತಡೆಯಲು ಅದರ ಫ್ಲಾಪಿಯಲ್ಲಿ, ಪ್ರತಿಸಲ ಓದಿದಾಗಲೂ ಬೇರೆಬೇರೆಯಾಗಿ ಕಾಣುವ ಅಸ್ಥಿರ ಬಿಟ್‌ಗಳನ್ನು ಇರಿಸಿದ್ದರು. ಸಾಮಾನ್ಯ ಡ್ರೈವು ಅವನ್ನು ಬರೆಯಲಾರದು. ಪ್ರತಿಮಾಡುವುದರಿಂದಲೇ ಕೃತಿಗಳು ಉಳಿಯುತ್ತವೆಂದು ಬಲ್ಲ ಚರಿತ್ರಕಾರನಿಗೆ ಈ ಉಪಾಯದ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಯಂತ್ರದಿಂದ ದೂರವುಳಿದುದೇ ಉಳಿವಿಗೆ ಕಾರಣವೆನ್ನೋಣವೇ? ಇದು ಅರ್ಧಸತ್ಯ. ರೋಗ್‌ನ ಮೂಲಪಾಠ ಆರಂಭದಲ್ಲಿ ಎಲ್ಲರಿಗೂ ದೊರೆಯುತ್ತಿರಲಿಲ್ಲ. ಅದರ ಮಾದರಿಯಲ್ಲಿ ಜೇ ಫೆನ್‌ಲಾಸನ್ ಹೊಸದಾಗಿ ಬರೆದ 'ಹ್ಯಾಕ್', ಅದರಿಂದ ೧೯೮೭ರಲ್ಲಿ ಮೂಡಿದ 'ನೆಟ್‌ಹ್ಯಾಕ್' ಇವುಗಳ ಮೂಲಪಾಠ ಮುಕ್ತವಾಗಿ ಹಂಚಿಕೆಯಾಯಿತು. ಡಾಸ್, ಅಮಿಗ, ಅಟಾರಿ, ಮ್ಯಾಕಿಂಟೋಷ್, ವಿಂಡೋಸ್ ಎಲ್ಲಕ್ಕೂ ಅದನ್ನು ಅಳವಡಿಸಿದವರು ಬಳಕೆದಾರರೇ. ಇತ್ತ ವಿಜರ್ಡ್ರಿಯನ್ನು ೨೦೨೪ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ ಪುನಃ ಹೊರತಂದಾಗ, ಹೊಸ ಚಿತ್ರಗಳ ಅಡಿಯಲ್ಲಿ ಆಪಲ್ ೨ರ ಹಳೆಯ ಕ್ರಮವಿಧಿಯನ್ನೇ ಆಧಾರವಾಗಿ ಇರಿಸಿತು. ಆದುದರಿಂದ ಮಧ್ಯಸ್ಥ ಪದರವು ಕೃತಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸಬಲ್ಲುದು. ತಲೆಮಾರುಗಳನ್ನು ದಾಟಿಸಲು ಮೂಲಪಾಠದ ಲಭ್ಯತೆಯೂ ಪ್ರತಿಮಾಡುವ ಹಕ್ಕೂ ಶ್ರದ್ಧೆಯುಳ್ಳ ಜನರೂ ಬೇಕು ಎಂಬುದು ನಮ್ಮ ನಿರ್ಣಯ.

ಈ ವಿಚಾರ ಆಟಗಳಿಗೆ ಸೀಮಿತವಲ್ಲ. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡದಲ್ಲಿ ಬೆರಳಚ್ಚಾದ ಎಷ್ಟೋ ಕಡತಗಳು ಆಯಾ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ನಮ್ಮ ಗ್ರಂಥಭಂಡಾರಗಳು ಇಂತಹ ಕಡತವನ್ನು ಸ್ವೀಕರಿಸುವಾಗ ಅದನ್ನು ರಚಿಸಿದ ಯಂತ್ರ, ತಂತ್ರಾಂಶ, ಸಂಕೇತಕ್ರಮ ಇವುಗಳ ವಿವರವನ್ನೂ ಜೊತೆಯಲ್ಲಿಯೇ ದಾಖಲಿಸುವುದು ಅಗತ್ಯ. ವಿದ್ಯಾರ್ಥಿಗಳು ಈ ಕಾರ್ಯವನ್ನು ತಮ್ಮ ತಮ್ಮ ವಿಭಾಗಗಳ ಪ್ರಬಂಧಗಳಿಂದಲೇ ಆರಂಭಿಸಬಹುದು.