ದೀವದಿಂದ ಯಂತ್ರಕ್ಕೆ: ಜಿಂಕೆ ಬೇಟೆಯಲ್ಲಿ ಮೇವಿನ ಪೀಪಾಯಿ

ಬೇಟೆಯ ಚರಿತ್ರೆಯನ್ನು ಬಹುಮಟ್ಟಿಗೆ ಆಯುಧಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಬಿಲ್ಲು, ಈಟಿ, ಬಲೆ, ಕೋವಿಗಳಿಗೆ ದೊರೆತ ಗಮನವು ಪ್ರಾಣಿಯನ್ನು ಆಯುಧದ ಅಳವಿಗೆ ಕರೆತರುವ ಉಪಾಯಗಳಿಗೆ ದೊರೆತಿಲ್ಲ. ಕನ್ನಡದಲ್ಲಿ ಇಂತಹ ಉಪಾಯವೊಂದರ ನೆನಪು ಒಂದು ಶಬ್ದದಲ್ಲಿ ಉಳಿದುಬಂದಿದೆ. ಕಾಡಿನ ಮಿಗಗಳನ್ನು ಸೆಳೆಯಲೆಂದು ಬೇಡರು ಪಳಗಿಸಿ ಇಟ್ಟುಕೊಳ್ಳುತ್ತಿದ್ದ ಪ್ರಾಣಿಗೆ ‘ದೀವ’ ಎಂಬ ಹೆಸರಿತ್ತು. ‘ದೀಹ’ ಎಂಬುದು ಅದರ ಇನ್ನೊಂದು ರೂಪ. ದೀವದ ಬೇಟೆಗೆ ಪ್ರಾಣಿಯನ್ನು ಪಳಗಿಸುವ ತಾಳ್ಮೆಯೂ ಕಾಡಿನ ಅರಿವೂ ಬೇಕಿದ್ದವು. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಈ ಸೆಳೆಯುವ ಕೆಲಸವನ್ನು ಗಡಿಯಾರ ಕಟ್ಟಿದ ಒಂದು ಪೀಪಾಯಿಯು ವಹಿಸಿಕೊಂಡಿತು. ಅಲ್ಲಿ ‘ಫೀಡರ್’ ಎಂದು ಕರೆಯಲಾಗುವ, ಅನೇಕ ಬೇಟೆಗಾರರು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಈ ಮೇವಿನ ಯಂತ್ರವು ಬೇಟೆಯ ಸ್ವರೂಪವನ್ನೇ ಬದಲಿಸಿತೆನ್ನಬಹುದು.

ಈ ಯಂತ್ರವು ಬೇರೂರಿದ ಪ್ರದೇಶಗಳಲ್ಲಿ ಟೆಕ್ಸಾಸ್ ಮುಖ್ಯವಾದುದು. ಆ ರಾಜ್ಯದ ನೆಲದಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗವು ಖಾಸಗಿಯವರದು. ಜಮೀನುದಾರರು ಬೇಟೆಯ ಹಕ್ಕನ್ನು ಋತುವಿನ ಲೆಕ್ಕದಲ್ಲಿ ಗುತ್ತಿಗೆಗೆ ಕೊಡುತ್ತಾರೆ. ದಕ್ಷಿಣ ಟೆಕ್ಸಾಸಿನ ಕುರುಚಲು ಕಾಡಿನಲ್ಲಿ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿಯಾದ ಮೆಸ್ಕೀಟ್ ಮುಳ್ಳುಗಿಡ ದಟ್ಟವಾಗಿದ್ದು, ಅದರೊಳಗೆ ಬಿಳಿಬಾಲದ ಜಿಂಕೆಯನ್ನು ಹೆಜ್ಜೆಜಾಡು ಹಿಡಿದು ಅರಸುವುದು ಕಷ್ಟ. ಪಟ್ಟಣದಿಂದ ವಾರಾಂತ್ಯಕ್ಕೆ ಬರುವ ಗುತ್ತಿಗೆದಾರನಿಗೆ ಅಷ್ಟು ಪುರುಸೊತ್ತೂ ಇಲ್ಲ. ಮೊದಲು ಹಾದಿಯುದ್ದಕ್ಕೂ ಮೆಕ್ಕೆಜೋಳವನ್ನು ಕೈಯಿಂದ ಚೆಲ್ಲುವ ಪದ್ಧತಿಯಿತ್ತು. ಬೇಟೆಗಾರನಿಲ್ಲದ ದಿನಗಳಲ್ಲಿಯೂ ಹೊತ್ತಿಗೆ ಸರಿಯಾಗಿ ಕಾಳು ಬೀಳಬೇಕೆಂಬ ಅಗತ್ಯವು ಯಂತ್ರವನ್ನು ಬೇಡಿತು.

ಯಂತ್ರದ ರಚನೆ ಸರಳವಾದುದು. ಸುಮಾರು 200 ಲೀಟರಿನ ಉಕ್ಕಿನ ಪೀಪಾಯಿಯನ್ನು ಮೂರು ಕೊಳವೆಗಾಲುಗಳ ಮೇಲೆ ನಿಲ್ಲಿಸಿ, ತಳದಲ್ಲಿ ತೂತು ಕೊರೆದು ಆಲಿಕೆಯನ್ನು ಕೂರಿಸುತ್ತಾರೆ. ಅದರ ಕೆಳಗೆ ತುಸು ಅಂತರದಲ್ಲಿ ಸಣ್ಣ ಮೋಟಾರಿನ ಕಂಬಿಗೆ ಸಿಕ್ಕಿಸಿದ ತಗಡಿನ ತಟ್ಟೆಯಿರುತ್ತದೆ. ತಟ್ಟೆ ನಿಶ್ಚಲವಾಗಿದ್ದಾಗ ಕಾಳು ಅದರ ಮೇಲೆ ಗುಡ್ಡೆಯಾಗಿ ನಿಂತು ತೂತನ್ನು ತಾನೇ ಮುಚ್ಚುತ್ತದೆ. ಬೇರೆ ಮುಚ್ಚಳ ಬೇಕಿಲ್ಲ. 6 ಅಥವಾ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದ ಗಡಿಯಾರವು ಬೆಳಗ್ಗೆ, ಸಂಜೆ ಕೆಲವೇ ಸೆಕೆಂಡು ಮೋಟಾರನ್ನು ತಿರುಗಿಸಿದರೆ ಕಾಳು ಸುತ್ತಲೂ ವರ್ತುಲವಾಗಿ ಎರಚುತ್ತದೆ. ಕುಶಲತೆಯೆಲ್ಲ ಇರುವುದು ತಟ್ಟೆಗೂ ತೂತಿಗೂ ನಡುವಣ ಅಂತರದಲ್ಲಿ. ಅದು ಕಿರಿದಾದರೆ ಕಾಳು ಸಿಕ್ಕಿಕೊಳ್ಳುತ್ತದೆ. ಹಿರಿದಾದರೆ ಗಾಳಿಯೋ ರಕೂನ್ ಪ್ರಾಣಿಯ ಪಂಜವೋ ತಟ್ಟೆಯನ್ನು ತಿರುಗಿಸಿ ಪೀಪಾಯಿಯನ್ನು ಬರಿದುಮಾಡುತ್ತದೆ. ಮಳೆನೀರು ಒಳಹೊಕ್ಕರೆ ಕಾಳಿಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷವುಂಟಾಗುವ ಅಪಾಯವಿದೆ. ಮೋಟಾರಿನ ಸದ್ದು ಕೇಳಿದೊಡನೆ ಜಿಂಕೆಗಳು ಬರತೊಡಗುತ್ತವೆಂಬುದು ಬೇಟೆಗಾರರ ಅನುಭವ. ಆದರೆ ಅವರು ಬಯಸುವ ಬಲಿತ ಗಂಡುಗಳು ಕತ್ತಲಾದ ಮೇಲೆ ಬರುವುದೇ ಹೆಚ್ಚು.

ಇದು ಬೇಟೆಯೇ ಎಂಬ ಆಕ್ಷೇಪವು ಆ ದೇಶದಲ್ಲಿಯೇ ಹುಟ್ಟಿತು. ಥಿಯೊಡೋರ್ ರೂಸ್‌ವೆಲ್ಟ್ ಮೊದಲಾದವರು 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಪ್ರಾಣಿಗೆ ತಪ್ಪಿಸಿಕೊಳ್ಳಲು ನ್ಯಾಯವಾದ ಅವಕಾಶವಿರಬೇಕೆಂಬ ನಿಯಮವನ್ನು ಪ್ರತಿಪಾದಿಸಿತು. ವಲಸೆಯ ನೀರುಹಕ್ಕಿಗಳ ವಿಷಯದಲ್ಲಿ ಕೇಂದ್ರ ಸರ್ಕಾರವು 1935ರಲ್ಲಿ ಕಾಳು ಚೆಲ್ಲುವುದನ್ನೂ ಜೀವಂತ ಹಕ್ಕಿಗಳನ್ನು ದೀವವಾಗಿ ಬಳಸುವುದನ್ನೂ ಒಟ್ಟಿಗೆ ನಿಷೇಧಿಸಿತು. ದೀವ ಮತ್ತು ಮೇವು ಒಂದೇ ಜಾತಿಯ ಉಪಾಯಗಳೆಂದು ಕಾನೂನು ಗುರುತಿಸಿದ್ದು ಗಮನಾರ್ಹ. ಜಿಂಕೆಯಾದರೋ ಆಯಾ ರಾಜ್ಯದ ಅಧಿಕಾರಕ್ಕೆ ಸೇರಿದ್ದರಿಂದ ಒಂದೆಡೆ ಅಪರಾಧವಾದುದು ಮತ್ತೊಂದೆಡೆ ವಾಡಿಕೆಯಾಗಿ ಉಳಿಯಿತು.

ನೀತಿಯ ವಾದವು ಸಾಧಿಸಲಾಗದುದನ್ನು ಕೆಲಮಟ್ಟಿಗೆ ರೋಗವು ಸಾಧಿಸಿತು. ಮಿಷಿಗನ್ ರಾಜ್ಯದ ಈಶಾನ್ಯ ಭಾಗದಲ್ಲಿ 1994ರಲ್ಲಿ ಬೇಟೆಯಾದ ಜಿಂಕೆಯೊಂದರಲ್ಲಿ ದನಗಳ ಕ್ಷಯರೋಗ ಪತ್ತೆಯಾಗಿ, ಮೇವಿನ ರಾಶಿಗಳ ಸುತ್ತ ಜಿಂಕೆಗಳು ಕಿಕ್ಕಿರಿಯುವುದರತ್ತ ಗಮನ ಹರಿಯಿತು. 1967ರಲ್ಲಿ ಕೊಲೊರಾಡೊದ ಸೆರೆಯ ಜಿಂಕೆಗಳಲ್ಲಿ ಮೊದಲು ಕಂಡ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ಇನ್ನೂ ಭೀಕರವಾದುದು. ಪ್ರಿಯಾನ್ ಎಂಬ ವಿಕೃತ ಪ್ರೋಟೀನಿನಿಂದ ಉಂಟಾಗುವ, ಚಿಕಿತ್ಸೆಯಿಲ್ಲದ ಈ ರೋಗದ ಕಣಗಳು ಜೊಲ್ಲು, ಮೂತ್ರ, ಮಲಗಳ ಮೂಲಕ ಹೊರಬಿದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ದಿನವೂ ಅದೇ ವರ್ತುಲದೊಳಗೆ ಕಾಳು ಎರಚುವ ಯಂತ್ರವು ಜಿಂಕೆಗಳನ್ನು ಅದೇ ಮಣ್ಣಿಗೆ ಮತ್ತೆ ಮತ್ತೆ ಬಾಯಿ ಹಚ್ಚುವಂತೆ ಮಾಡುತ್ತದೆ. ಯಂತ್ರದ ಗುಣವೆನಿಸಿದ್ದ ನಿಯತತೆಯೇ ಇಲ್ಲಿ ದೋಷವಾಯಿತು. ವಿಸ್ಕಾನ್ಸಿನ್ 2002ರಲ್ಲಿ ರೋಗ ಕಂಡೊಡನೆ ಮೇವು ಚೆಲ್ಲುವುದನ್ನು ನಿಷೇಧಿಸಿತು. ಮಿಷಿಗನ್ 2019ರಲ್ಲಿ ತನ್ನ ಕೆಳ ಪರ್ಯಾಯ ದ್ವೀಪದುದ್ದಕ್ಕೂ ನಿಷೇಧ ತಂದಿತು. ಟೆಕ್ಸಾಸಿನಲ್ಲಿ 2012ರಲ್ಲಿ ರೋಗ ದೃಢಪಟ್ಟರೂ ಪೀಪಾಯಿಗೆ ರಾಜ್ಯವ್ಯಾಪಿ ನಿಷೇಧ ಬರಲಿಲ್ಲ. ಗುತ್ತಿಗೆಯ ಆದಾಯವೂ ಮೆಕ್ಕೆಜೋಳದ ಮಾರಾಟವೂ ಇದಕ್ಕೆ ಕಾರಣವೆಂದು ಊಹಿಸಲು ಅವಕಾಶವಿದೆ.

ಭಾರತದ ಕಾನೂನು ಇದೇ ಪ್ರಶ್ನೆಯನ್ನು ಬೇರೊಂದು ದಾರಿಯಿಂದ ಮುಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೂಲರೂಪದಲ್ಲಿ, ಕೆಲವು ಹಕ್ಕಿಗಳನ್ನು ಬಿಟ್ಟರೆ, ಪರವಾನಗಿಯಿದ್ದವನೂ ಉಪ್ಪುನೆಲದ ಮೇಲೆ ಅಥವಾ ಪ್ರಾಣಿಗಳು ನೀರು ಕುಡಿಯುವೆಡೆಯಲ್ಲಿ ಬೇಟೆಯಾಡುವಂತಿರಲಿಲ್ಲ. 1991ರ ತಿದ್ದುಪಡಿಯಲ್ಲಿ ಪರವಾನಗಿಯ ಪ್ರಕರಣಗಳೇ ರದ್ದಾಗಿ ಆ ಷರತ್ತು ಅನಗತ್ಯವಾಯಿತು. 2002ರ ತಿದ್ದುಪಡಿಯ ನಂತರದ ನಿರೂಪಣೆಯು ಬಲೆಯೊಡ್ಡುವುದು, ಅಟ್ಟುವುದು ಇವುಗಳ ಸಾಲಿನಲ್ಲಿಯೇ ಆಮಿಷವೊಡ್ಡುವುದನ್ನೂ ಬೇಟೆಯೆಂದು ಹೆಸರಿಸಿದೆ.