ಮುರುಗಲು ಮತ್ತು ಉಪ್ಪಾಗೆ: ಸಾರ ತೆಗೆಯುವ ಎರಡು ಕ್ರಮಗಳು

ಸಿದ್ದಾಪುರ, ಶಿರಸಿ, ಯಲ್ಲಾಪುರ ತಾಲೂಕುಗಳ ಜನಜೀವನದಲ್ಲಿ ಬಳಕೆಯಲ್ಲಿರುವ ಕಾಡಿನ ಹುಳಿಹಣ್ಣುಗಳಲ್ಲಿ ಮುರುಗಲು ಮತ್ತು ಉಪ್ಪಾಗೆ ಮುಖ್ಯವಾದವು. ಎರಡೂ ಗಾರ್ಸೀನಿಯಾ ಕುಲದ ಮರಗಳು. ಸಸ್ಯಗಳಲ್ಲಿರುವ ಉತ್ಕರ್ಷಣ ನಿರೋಧಕಗಳನ್ನು ಪರಿಸರಕ್ಕೆ ಹಾನಿಯಾಗದಂತೆ ಬೇರ್ಪಡಿಸುವ ವಿಧಾನಗಳನ್ನು ವಿಜ್ಞಾನವು ಇಂದು ಅರಸುತ್ತಿದೆ. ಇಂತಹ ಸಂದರ್ಭದಲ್ಲಿ ಜನಪದರ ಕ್ರಮಗಳೆಲ್ಲವೂ ಪರಿಸರಸ್ನೇಹಿ ಎಂದು ಸಾರಾಸಗಟಾಗಿ ಹೇಳುವುದುಂಟು. ಈ ಎರಡು ಹಣ್ಣುಗಳ ಚರಿತ್ರೆ ಆ ಮಾತನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

ಮುರುಗಲು ಬೇಸಿಗೆಯಲ್ಲಿ ಹಣ್ಣಾಗುತ್ತದೆ. ಅದರ ಸಿಪ್ಪೆಯನ್ನು ಸಕ್ಕರೆಯೊಡನೆ ಭರಣಿಯಲ್ಲಿ ಪದರಪದರವಾಗಿ ತುಂಬಿ ಬಿಸಿಲಿಗಿಡುತ್ತಾರೆ. ಸಕ್ಕರೆಯ ಸೆಳೆತಕ್ಕೆ ಸಿಪ್ಪೆಯ ರಸ ಹೊರಬರುತ್ತದೆ. ಅದರೊಡನೆ ಹುಳಿಯೂ ಆಂಥೋಸಯಾನಿನ್ ಎಂಬ ಕೆಂಪು ವರ್ಣದ್ರವ್ಯವೂ ಇಳಿಯುತ್ತವೆ. ಉತ್ಕರ್ಷಣ ನಿರೋಧಕವಾದ ಈ ದ್ರವ್ಯ ಹೆಚ್ಚಿನ ಶಾಖವನ್ನು ತಾಳದು. ಇಲ್ಲಿ ಬೆಂಕಿಯೂ ಇಲ್ಲ, ರಾಸಾಯನಿಕ ದ್ರಾವಕವೂ ಇಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 2010ರಲ್ಲಿ ಇದೇ ವರ್ಣದ್ರವ್ಯವನ್ನು ಮಾಲ್ಟೋಡೆಕ್ಸ್ಟ್ರಿನ್ನಿನ ಸೂಕ್ಷ್ಮ ಕವಚದಲ್ಲಿ ಅಡಕಗೊಳಿಸಿ ಪುಡಿಯಾಗಿಸುವ ಪ್ರಯೋಗವನ್ನು ಪ್ರಕಟಿಸಿದರು. ಭರಣಿಯ ಸಕ್ಕರೆ ಅಂತಹ ಕವಚವಲ್ಲ. ಆದರೆ ರಸವನ್ನು ಕೆಡದಂತೆ ಕಾಯುವ ಉದ್ದೇಶ ಎರಡರಲ್ಲೂ ಇದೆ.

ಉಪ್ಪಾಗೆಯ ಕಥೆ ಬೇರೆ. ಅದು ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಬೆಂಕಿಯ ಶಾಖದಲ್ಲಿ, ಹೊಗೆಯಲ್ಲಿ ಒಣಗಿಸಬೇಕು. ಮನೆಬಳಕೆಯ ಹುಳಿಗೆ ಅಡುಗೆಯ ಒಲೆಯ ಶಾಖವೇ ಸಾಕಾಗುತ್ತಿತ್ತು. 1965ರಲ್ಲಿ ಅದೇ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಅವರು ಉಪ್ಪಾಗೆಯ ಮುಖ್ಯ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಗುರುತಿಸಿದರು. 1990ರ ದಶಕದಲ್ಲಿ ಇದು ಬೊಜ್ಜು ಕರಗಿಸುವ ಮದ್ದೆಂದು ಹೊರದೇಶಗಳಲ್ಲಿ ಪ್ರಚಾರ ಪಡೆಯಿತು. ಬೇಡಿಕೆ ಏರಿದಂತೆ ಒಣಗಿಸಲೆಂದೇ ಪ್ರತ್ಯೇಕ ಒಲೆಗಳು ಉರಿದವು, ಕಾಡಿನ ಕಟ್ಟಿಗೆ ಅವುಗಳ ಪಾಲಾಯಿತು. ಪೈಪೋಟಿಯಲ್ಲಿ ಬಲಿಯದ ಕಾಯಿಗಳನ್ನು ಕೊಯ್ದರು, ಕೊಂಬೆಗಳನ್ನೇ ಕಡಿದರು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ, 135 ಜನರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ಉಪ್ಪಾಗೆಯ ಸಾರ ಸೇವಿಸಿದವರ ತೂಕ ಹುಸಿಮದ್ದು ಪಡೆದವರಿಗಿಂತ ಗಮನಾರ್ಹವಾಗಿ ಹೆಚ್ಚು ಇಳಿಯಲಿಲ್ಲ. ಕಡಿದ ಕೊಂಬೆ ಮಾತ್ರ ಮರಳಿ ಬೆಳೆಯಲು ವರ್ಷಗಳೇ ಬೇಕು.

ಹೀಗೆ, ಒಂದೇ ನೆಲದ, ಒಂದೇ ಕುಲದ ಎರಡು ಹಣ್ಣುಗಳ ಸಂಸ್ಕರಣೆ ಭಿನ್ನ ಪರಿಣಾಮಗಳನ್ನು ತಂದಿದೆ. ಭೇದವಿರುವುದು ಜನಪದರ ವಿವೇಕದಲ್ಲಲ್ಲ. ಹಣ್ಣಾಗುವ ಋತುವಿನಲ್ಲಿ ಮತ್ತು ಕೊಯ್ಲಿನ ಪ್ರಮಾಣದಲ್ಲಿ. ಜನಪದ ತಂತ್ರಜ್ಞಾನದ ಅಧ್ಯಯನವು ಕ್ರಮವನ್ನಷ್ಟೇ ದಾಖಲಿಸಿದರೆ ಸಾಲದು. ಅದು ಯಾವ ಕಾಲಕ್ಕೆ, ಎಷ್ಟು ಅಗತ್ಯಕ್ಕೆ ರೂಪುಗೊಂಡಿತೆಂಬುದನ್ನೂ ದಾಖಲಿಸಬೇಕು. ಆ ಮಿತಿ ದಾಟಿದಾಗ ಮನೆಯೊಲೆಯ ಕ್ರಮವೇ ಕಾಡಿಗೆ ಭಾರವಾಗುತ್ತದೆಂಬುದಕ್ಕೆ ಉಪ್ಪಾಗೆ ನಿದರ್ಶನವಾಗಿದೆ.