ನಿದ್ದೆಗೆಟ್ಟವರ ಸಾಕ್ಷ್ಯ: ಡೇವಿಡ್ ಡಿಂಜಸ್ ಪ್ರಯೋಗಗಳು ಮತ್ತು ದುಡಿಮೆಯ ದಣಿವು

ಕೈಯಲ್ಲಿ ಹಿಡಿಯಬಹುದಾದ ಒಂದು ಪೆಟ್ಟಿಗೆ, ಅದರ ಮೇಲೊಂದು ಪುಟ್ಟ ಕಿಂಡಿ. ಕಿಂಡಿಯಲ್ಲಿ ಕೆಂಪು ಅಂಕಿಗಳು ಓಡತೊಡಗಿದ ಕೂಡಲೇ ಗುಂಡಿ ಒತ್ತಬೇಕು; ಒತ್ತಲು ಹಿಡಿದ ಸಮಯ ಮಿಲಿಸೆಕೆಂಡುಗಳಲ್ಲಿ ದಾಖಲಾಗುತ್ತದೆ. ಮುಂದಿನ ಸರದಿ 2 ಸೆಕೆಂಡಿಗೂ ಬಂದೀತು, 10 ಸೆಕೆಂಡಿಗೂ ಬಂದೀತು. ಹೀಗೆ ಹತ್ತು ನಿಮಿಷ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಡಿಂಜಸ್ ಮತ್ತು ಜಾನ್ ಪೊವೆಲ್ 1985ರಲ್ಲಿ ಪ್ರಕಟಿಸಿದ ಈ ಪರೀಕ್ಷೆಗಿಂತ ಬೇಸರದ ಕೆಲಸ ಇನ್ನೊಂದಿರಲಾರದು.

ಆ ಬೇಸರ ಉದ್ದೇಶಪೂರ್ವಕ. ಲೆಕ್ಕ, ಒಗಟು ಕೊಟ್ಟರೆ ನಿದ್ದೆಗೆಟ್ಟವರೂ ಹುರುಪು ತಂದುಕೊಂಡು ಬಿಡಿಸಿಬಿಡುತ್ತಾರೆ; ಮಾಡುತ್ತಾ ಮಾಡುತ್ತಾ ಕೈ ಪಳಗುತ್ತದೆ ಕೂಡ. ಗುಂಡಿ ಒತ್ತುವುದರಲ್ಲಿ ಪಳಗುವುದಕ್ಕೇನೂ ಇಲ್ಲ. ದಣಿದವರು ಪ್ರತಿ ಸಲವೂ ಒಂದೇ ಸಮನೆ ನಿಧಾನವಾಗುತ್ತಾರೆ ಎಂಬ ಊಹೆಯನ್ನೂ ಈ ದಾಖಲೆಗಳು ಒಪ್ಪುವುದಿಲ್ಲ. ನಾಲ್ಕಾರು ಸಲ ಚುರುಕಾಗಿ ಒತ್ತಿದ ಬೆರಳು ನಡುವೆ ಒಮ್ಮೆ ಸುಮ್ಮನಾಗುತ್ತದೆ. 500 ಮಿಲಿಸೆಕೆಂಡು ದಾಟಿದರೆ ಅದನ್ನು ಎಚ್ಚರ ತಪ್ಪಿದ ಗಳಿಗೆಯೆಂದು ಎಣಿಸುತ್ತಾರೆ. ಗಂಟೆಗೆ 80 ಕಿ.ಮೀ. ವೇಗದ ಲಾರಿ ಅಷ್ಟರಲ್ಲಿ 11 ಮೀಟರ್ ಮುಂದೆ ಹೋಗಿರುತ್ತದೆ.

ಈ ಅಳತೆಗೋಲಿನ ನಿಜವಾದ ಫಲ ಸಿಕ್ಕಿದ್ದು 2003ರಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ವ್ಯಾನ್ ಡಾಂಗನ್, ಡಿಂಜಸ್ ಮತ್ತು ಸಂಗಡಿಗರು 48 ಮಂದಿ ಆರೋಗ್ಯವಂತರನ್ನು ಪ್ರಯೋಗಾಲಯದಲ್ಲೇ ಇರಿಸಿಕೊಂಡರು. 14 ದಿನ ಕೆಲವರಿಗೆ ಮಲಗಲು 8 ಗಂಟೆ, ಕೆಲವರಿಗೆ 6, ಮತ್ತೆ ಕೆಲವರಿಗೆ 4. ಉಳಿದವರಿಗೆ ಮೂರು ದಿನ ನಿದ್ದೆಯೇ ಇಲ್ಲ. 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಸಾಮರ್ಥ್ಯ ದಿನದಿಂದ ದಿನಕ್ಕೆ ಕುಸಿಯಿತು. ಕೊನೆಗೆ ಎರಡು ರಾತ್ರಿಯವರೆಗೆ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೂ ಇಳಿಯಿತು. ಆದರೆ ಎಷ್ಟು ತೂಕಡಿಕೆಯಾಗುತ್ತಿದೆ ಎಂದು ಕೇಳಿದಾಗ ಅವರು ಕೊಟ್ಟ ಅಂಕ ಮೊದಲ ಕೆಲವು ದಿನ ಏರಿ, ಆಮೇಲೆ ಹೆಚ್ಚುಕಡಿಮೆ ಅಲ್ಲೇ ನಿಂತಿತು. ‘ನನಗೆ ಐದಾರು ತಾಸು ಸಾಕು, ರೂಢಿಯಾಗಿದೆ’ ಎನ್ನುವ ಮಾತು ಬಹುಶಃ ಸುಳ್ಳಲ್ಲ. ರೂಢಿಯಾಗುವುದು ದಣಿವಿನ ಅರಿವಿಗೆ ಮಾತ್ರ. ಎಲ್ಲರೂ ಒಂದೇ ಪ್ರಮಾಣದಲ್ಲಿ ಸೋಲುವುದಿಲ್ಲ ಎಂಬುದೂ ನಿಜ. ಯಾರು ಹೆಚ್ಚು ಸೋಲುತ್ತಾರೆಂದು ಮುಖ ನೋಡಿ ಹೇಳಲಾಗದು, ಅಷ್ಟೆ.

ದಣಿವಿಗೆ ನಿದ್ದೆಯೇ ಮದ್ದು ಎನ್ನುವುದಕ್ಕೂ ಒಂದು ಷರತ್ತಿದೆ. ಡಿಂಜಸ್ ಅವರೂ ಭಾಗಿಯಾಗಿದ್ದ, ನಾಸಾ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೂರಯಾನದ ಪೈಲಟ್‌ಗಳಿಗೆ ಸರದಿಯಂತೆ 40 ನಿಮಿಷ ಬಿಡುವು ಕೊಡಲಾಗಿತ್ತು. ಅವರು ಸರಾಸರಿ 26 ನಿಮಿಷ ನಿದ್ರಿಸಿದರು, ಎಚ್ಚರ ಸುಧಾರಿಸಿತು. ನಿದ್ದೆ ಉದ್ದವಾಗಿ ಆಳಕ್ಕಿಳಿದಾಗ ಎಬ್ಬಿಸಿದರೆ ಫಲ ತಿರುಗುಮುರುಗು: ಕಣ್ಣು ತೆರೆದಿರುತ್ತದೆ, ವಿವೇಚನೆ ಇನ್ನೂ ಎದ್ದಿರುವುದಿಲ್ಲ. ಇದೇ ನಿದ್ರಾಜಡತೆ.

2010ರ ಮೇ 22ರ ಬೆಳಿಗ್ಗೆ ಮಂಗಳೂರಿನ ಬಜ್ಪೆಯಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ದುರಂತದ ತನಿಖಾ ವರದಿಯಲ್ಲೂ ಈ ಪದದ ಪ್ರಸ್ತಾಪವಿದೆ. ದುಬೈನಿಂದ ಬಂದ ವಿಮಾನದ ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಕ್ಯಾಪ್ಟನ್ ಗೊರಕೆ ಕೇಳಿಸಿತ್ತು. ಇಳಿಯುವುದು ಬೇಡ, ಮತ್ತೆ ಮೇಲಕ್ಕೇರೋಣ ಎಂದು ಸಹಪೈಲಟ್ ಮೂರು ಸಲ ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಹಾರಾಟಕ್ಕೆ ಮುನ್ನ ಸಾಕಷ್ಟು ವಿಶ್ರಾಂತಿಗೆ ಅವಕಾಶವಿತ್ತು. ಆದರೂ ದೀರ್ಘ ನಿದ್ದೆ ಮತ್ತು ಅದರ ಜಡತೆ ಅವರ ತೀರ್ಮಾನಶಕ್ತಿಯನ್ನು ಕುಂದಿಸಿರಬಹುದು ಎಂದಿತು ವರದಿ. ವಿಶ್ರಾಂತಿಯ ಗಂಟೆಗಳನ್ನು ಕಾಗದದ ಮೇಲೆ ಕೂಡಿಸಿದರೆ ಲೆಕ್ಕ ಮುಗಿಯುವುದಿಲ್ಲ. ದೇಹ ನಿದ್ದೆಯನ್ನೇ ಬೇಡುವ ನಸುಕಿನ ಹೊತ್ತು ಅದು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲಿ ಪರಿಷ್ಕರಿಸಿದ ನಿಯಮಗಳು ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿದವು; ರಾತ್ರಿಯ ಅವಧಿಯನ್ನು ಬೆಳಿಗ್ಗೆ 6ರವರೆಗೆ ಚಾಚಿದವು. ಮೂರು ತಿಂಗಳಿಗೊಮ್ಮೆ ದಣಿವಿನ ವರದಿ ಸಲ್ಲಿಸಬೇಕೆಂದೂ ಕಂಪನಿಗಳಿಗೆ ವಿಧಿಸಿದವು. ಒಳ್ಳೆಯ ಹೆಜ್ಜೆಯೇ. ಆದರೆ ಅಂಥ ವರದಿಗಳು ಬಹುಪಾಲು ನಿಂತಿರುವುದು ಸಿಬ್ಬಂದಿ ತಾವಾಗಿ ಹೇಳಿಕೊಳ್ಳುವ ದಣಿವಿನ ಮೇಲೆ. 14 ದಿನ ಅರೆನಿದ್ದೆಯಲ್ಲಿ ಕಳೆದವರ ಅಂಕಗಳನ್ನು ನೋಡಿದವರಿಗೆ, ಆ ವರದಿಗಳಲ್ಲಿ ಬಿಟ್ಟುಹೋಗುವ ಪಾಲು ಸಣ್ಣದೆಂದು ನಂಬುವುದು ಕಷ್ಟ.